ಚುಕ್ಕೆ ಗುರುತಿನ ಪ್ರಶ್ನೆ

ಪ್ರಶ್ನಾರ್ಥಕ ವಾಕ್ಯವೆಂದರೆ ಏನೆಂಬುದನ್ನು ನೀವು ವ್ಯಾಕರಣದ ಪಾಠದಲ್ಲಿ ಓದಿರುತ್ತೀರಿ. ಯಾರು, ಏನು, ಎಲ್ಲಿ, ಎಷ್ಟು, ಏಕೆ ಎಂಬ ಪದಗಳಿಂದಲೋ, ಕ್ರಿಯಾಪದದ ಕೊನೆಗೆ 'ಏ' ಅಥವಾ 'ಓ' ಸೇರಿಸುವುದರಿಂದಲೋ ಅದು ಉಂಟಾಗುತ್ತದೆ ಎಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದು ಅಂಕ ಗಳಿಸಿ, ಅಲ್ಲಿಗೆ ಅದನ್ನು ಮರೆತುಬಿಡುವುದು ವಾಡಿಕೆ. ದೇಶದ ಆಡಳಿತದಲ್ಲಿ ಈ ವಾಕ್ಯಕ್ಕೆ ಎಂತಹ ಸ್ಥಾನವಿದೆ, ಅದನ್ನು ಕೇಳುವ ಬಾಗಿಲು ಮುಚ್ಚಿಕೊಂಡಾಗ ನಮ್ಮಂತಹ ಗಡಿನಾಡಿನವರ ಪಾಡೇನು ಎಂಬುದನ್ನು 2020ನೆಯ ಇಸವಿ ತೋರಿಸಿಕೊಟ್ಟಿತು. ಆ ವರ್ಷ ಮನೆಮನೆಯಲ್ಲಿಯೂ ಎರಡು ಚಿಂತೆಗಳಿದ್ದವು: ಒಂದು ಕೊರೋನಾ ಕಾಯಿಲೆ, ಇನ್ನೊಂದು ಬೇಂಕಿನಲ್ಲಿಟ್ಟ ದುಡ್ಡು ಮತ್ತು ಬೇಂಕಿನಿಂದ ತಂದ ಸಾಲ.

ಮೊದಲು ಈ ಪದ್ಧತಿಯ ಪರಿಚಯವನ್ನು ಮಾಡಿಕೊಳ್ಳೋಣ. ಶಾಸನಸಭೆಯಲ್ಲಿ ಸರಕಾರವನ್ನು ಪ್ರಶ್ನಿಸುವ ಹಕ್ಕು ಭಾರತೀಯರಿಗೆ ದೊರೆತದ್ದು 1892ರ ಕೌನ್ಸಿಲ್ ಕಾಯಿದೆಯಿಂದ. ಆಗ ಉತ್ತರ ಬಂದ ಮೇಲೆ ಮತ್ತೆ ಬಾಯಿ ತೆರೆಯುವಂತಿರಲಿಲ್ಲ. ಉಪಪ್ರಶ್ನೆ ಕೇಳುವ ಅವಕಾಶ 1909ರಲ್ಲಿ ಬಂತು, ಅದೂ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ. ಇಂದು ಲೋಕಸಭೆಯಲ್ಲಿ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗಿನ ಒಂದು ಗಂಟೆ ಪ್ರಶ್ನೋತ್ತರದ ವೇಳೆ. ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು ಬಗೆ. ನಕ್ಷತ್ರದ ಗುರುತು ಹೊತ್ತು ಹಸಿರು ಕಾಗದದಲ್ಲಿ ಅಚ್ಚಾಗುವ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಬಿಳಿಯ ಕಾಗದದಲ್ಲಿ ಅಚ್ಚಾಗುವ, ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ದಿನವೊಂದಕ್ಕೆ ಮೊದಲನೆಯವು 20, ಎರಡನೆಯವು 230. ಕಡಿಮೆಯೆಂದರೆ ಹದಿನೈದು ದಿನ ಮೊದಲೇ ನೋಟೀಸು ಕೊಟ್ಟಿರಬೇಕು. ಯಾರ ಪ್ರಶ್ನೆ ಮೇಲೆ ಬರುತ್ತದೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ.

ಈ ಎರಡರ ಅಂತರವನ್ನು ನೀವು ಶಾಲೆಯ ಅನುಭವದಿಂದಲೇ ತಿಳಿಯಬಲ್ಲಿರಿ. ಮನೆಪಾಠದ ಉತ್ತರವನ್ನು ಅಣ್ಣನೋ ಅಕ್ಕನೋ ಬರೆದುಕೊಡಬಹುದು. ಕರಿಹಲಗೆಯ ಮುಂದೆ ನಿಲ್ಲಿಸಿ "ಹೇಗೆ ಬಂತು, ಹೇಳು" ಎಂದು ಕೇಳಿದರೆ ಆಗ ನಿಜ ಹೊರಬೀಳುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯ ಶಕ್ತಿಯೆಲ್ಲ ಉಪಪ್ರಶ್ನೆಯಲ್ಲಿದೆ. 1957ರಲ್ಲಿ ಜೀವವಿಮಾ ನಿಗಮವು ಮುಂಧ್ರಾ ಎಂಬ ಉದ್ಯಮಿಯ ಕಂಪೆನಿಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹೂಡಿದ ಸಂಗತಿ ಲೋಕಸಭೆಯಲ್ಲಿ ಪ್ರಶ್ನೆಗಳ ಮೂಲಕವೇ ಬೆಳಕಿಗೆ ಬಂತು. ಫಿರೋಜ್ ಗಾಂಧಿಯವರು ಆಳುವ ಪಕ್ಷದವರಾಗಿದ್ದೂ ಬಿಡದೆ ಕೆದಕಿದರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದು, 1958ರಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

ಪ್ರಶ್ನೆಯ ಭಾಷೆಗೂ ನಿಯಮವಿದೆ; ಭಾಷಾ ಶಿಕ್ಷಕರಾದ ನಮಗೆ ಇದರಲ್ಲಿ ವಿಶೇಷ ಆಸಕ್ತಿ. ಪ್ರಶ್ನೆ 150 ಪದಗಳನ್ನು ಮೀರಬಾರದು. ಅದರಲ್ಲಿ ವಾದ, ಊಹೆ, ವ್ಯಂಗ್ಯ, ಬೈಗಳು, ದೋಷಾರೋಪಣೆ ಇರಬಾರದು. "ರೋಗಿಗಳ ಗಾಡಿಯನ್ನು ತಡೆದವರಿಗೆ ಮನುಷ್ಯತ್ವವಿದೆಯೇ?" ಎಂದರೆ ಅದು ನೋಡಲು ಪ್ರಶ್ನಾರ್ಥಕ ವಾಕ್ಯ, ನಿಜಕ್ಕೆ ಬೈಗಳು, ಅದನ್ನು ಸ್ವೀಕರಿಸುವುದಿಲ್ಲ. "ಎಷ್ಟು ಗಾಡಿಗಳನ್ನು, ಯಾವ ಆದೇಶದ ಮೇರೆಗೆ, ಯಾವ ದಿನಾಂಕದಿಂದ ತಡೆಯಲಾಯಿತು?" ಎಂದರೆ ಉತ್ತರ ಕೊಡಲೇಬೇಕು. ಎರಡನೆಯ ವಾಕ್ಯದಲ್ಲಿ ಸಿಟ್ಟು ಕಾಣಿಸುವುದಿಲ್ಲ, ಆದರೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ.

ಈ ಉದಾಹರಣೆಯನ್ನು ನಾವು ಸುಮ್ಮನೆ ಆರಿಸಿಕೊಂಡದ್ದಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ರಾಜ್ಯದ ಗೆರೆ ಬದಲಾದರೂ ಆಸ್ಪತ್ರೆಗೆ, ಕಾಲೇಜಿಗೆ, ಪೇಟೆಗೆ ಮಂಗಳೂರಿಗೆ ಹೋಗುವ ರೂಢಿ ಬದಲಾಗಲಿಲ್ಲ. ಮಂಜೇಶ್ವರದವರಿಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ; ತಿರುವನಂತಪುರವಾದರೋ ಐನೂರು ಕಿಲೋಮೀಟರಿಗೂ ಆಚೆ. 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಕಾಸರಗೋಡಿನಲ್ಲಿ ಕಾಯಿಲೆ ಹಬ್ಬುತ್ತಿದ್ದುದರಿಂದ ಅವರ ಭಯಕ್ಕೆ ಕಾರಣವಿರಲಿಲ್ಲವೆಂದು ಹೇಳಲಾರೆವು. ಆದರೆ ಹೃದಯದ ಕಾಯಿಲೆಯವರು, ಹೆರಿಗೆಯ ಹೆಂಗಸರು, ಡಯಾಲಿಸಿಸಿಗೆ ಹೋಗಬೇಕಾದವರು ಗಡಿಯಲ್ಲಿ ಸಿಕ್ಕಿಬಿದ್ದರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ನಮ್ಮ ಓದುಗರಲ್ಲಿ ಆ ದಿನಗಳನ್ನು ಸ್ವತಃ ಅನುಭವಿಸಿದ ಮನೆಗಳಿವೆ, ಹೆಚ್ಚಿಗೆ ವಿವರಿಸಬೇಕಾಗಿಲ್ಲ.

ಇದನ್ನು ಸಂಸತ್ತಿನಲ್ಲಿ ಕೇಳಬಹುದಾಗಿತ್ತೇ? ಸಾರ್ವಜನಿಕ ಆರೋಗ್ಯವು ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಆದರೆ ಅಂಟುರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿಯೂ, ಅಂತರರಾಜ್ಯ ಸಂಚಾರ ಮತ್ತು ದಿಗ್ಬಂಧನವು ಕೇಂದ್ರಪಟ್ಟಿಯಲ್ಲಿಯೂ ಇವೆ. ತಲಪಾಡಿಯದು ಎರಡು ರಾಜ್ಯಗಳ ನಡುವಿನ ರಾಷ್ಟ್ರೀಯ ಹೆದ್ದಾರಿ. ಹೀಗಾಗಿ ದೆಹಲಿಗೆ ಒಪ್ಪುವ ಪ್ರಶ್ನೆಯೇ ಸರಿ. ಕೇಳಲು ಮಾತ್ರ ಸಭೆ ಇರಲಿಲ್ಲ! ಮಾರ್ಚ್ 23ರಂದು ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟ ಸಂಸತ್ತು ಮತ್ತೆ ಸೇರಿದ್ದು ಸೆಪ್ಟೆಂಬರ್ 14ರಂದು. ಗಡಿಯ ದಾರಿಯೂ ಸಭೆಯ ಬಾಗಿಲೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಮುಚ್ಚಿದ್ದವು. ಆದುದರಿಂದ ಪ್ರಶ್ನೆ ನ್ಯಾಯಾಲಯದ ದಾರಿ ಹಿಡಿಯಿತು. ತಡೆಗಳನ್ನು ತೆಗೆಯುವಂತೆ ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರಕ್ಕೆ ಆದೇಶ ನೀಡಿತು. ಕರ್ನಾಟಕವು ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕಾಸರಗೋಡಿನಿಂದ ಆಯ್ಕೆಯಾಗಿದ್ದ ಲೋಕಸಭಾ ಸದಸ್ಯ ರಾಜ್‌ಮೋಹನ್ ಉಣ್ಣಿತ್ತಾನ್ ಅವರೂ ಅಲ್ಲಿಗೆ ಅರ್ಜಿ ಹಾಕಿದರು. ತುರ್ತು ರೋಗಿಗಳನ್ನು ಬಿಡುವ ನಿಬಂಧನೆಗಳಿಗೆ ಎರಡು ರಾಜ್ಯಗಳೂ ಒಪ್ಪಿವೆಯೆಂದು ಕೇಂದ್ರವು ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಅದೇ ತಿಂಗಳಲ್ಲಿ, 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೊರೋನಾ ಆಸ್ಪತ್ರೆಯಾಗಿ ತೆರೆದರು. ಆ ನಡುವಿನ ಏಳು ವರ್ಷಗಳ ಬಗ್ಗೆ ಕೇಳಬೇಕಾದ ಪ್ರಶ್ನೆ ದೆಹಲಿಯದಲ್ಲ, ತಿರುವನಂತಪುರದ್ದು.

ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ, ಕಾಯಿಲೆಯ ಕಾರಣ ನೀಡಿ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಟ್ಟರು. ಲಿಖಿತ ಉತ್ತರ ಮಾತ್ರ ಉಳಿಯಿತು. ಹಿಂದೆ 1962ರ ಚೀನಾ ಯುದ್ಧದ ಕಾಲದಲ್ಲಿಯೂ 1975ರ ತುರ್ತು ಪರಿಸ್ಥಿತಿಯಲ್ಲಿಯೂ ಹೀಗೆ ಆಗಿತ್ತು. ಅಧಿಕಾರಿಗಳ ಗುಂಪು ಸಭೆಗೆ ಬರುವುದನ್ನು ತಪ್ಪಿಸಬೇಕಾಗಿತ್ತೆಂಬ ಸರಕಾರದ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದೇ ಅಧಿವೇಶನದಲ್ಲಿ ದೊಡ್ಡ ದೊಡ್ಡ ಕಾಯಿದೆಗಳು ಮಂಜೂರಾದವು. 1897ರಷ್ಟು ಹಳೆಯದಾದ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ತಿದ್ದುಪಡಿಯಾಯಿತು. ಬೇಂಕಿಂಗ್ ನಿಯಂತ್ರಣ ಕಾಯಿದೆಯ ತಿದ್ದುಪಡಿಯನ್ನು ಲೋಕಸಭೆ ಸೆಪ್ಟೆಂಬರ್ 16ರಂದು, ರಾಜ್ಯಸಭೆ 22ರಂದು ಅಂಗೀಕರಿಸಿದವು. ಕಾಯಿದೆಗೆ ಕೈಯೆತ್ತಲು ಸಮಯವಿತ್ತು, ಎದ್ದು ನಿಂತು ಉತ್ತರಿಸಲು ಇರಲಿಲ್ಲ ಎಂಬುದು ನಮಗೆ ಸರಿಕಾಣದು. ಆ ವರ್ಷದ ಚಳಿಗಾಲದ ಅಧಿವೇಶನವಂತೂ ನಡೆಯಲೇ ಇಲ್ಲ.

ಬೇಂಕಿನ ಈ ತಿದ್ದುಪಡಿ ತಂದೆತಾಯಂದಿರಿಗೆ ನೇರವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ನಿಂತು ನೋಡೋಣ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬೇಂಕಿನ ಮೇಲೆ ರಿಸರ್ವ್ ಬೇಂಕು ನಿರ್ಬಂಧ ಹೇರಿತು. ಠೇವಣಿ ಎಷ್ಟೇ ಇರಲಿ, ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬಾಗಿಲಲ್ಲಿ ಸಾಲು ನಿಂತರು. ಹಿಂದಿನ ವರ್ಷ ಮುಂಬಯಿಯ ಒಂದು ದೊಡ್ಡ ಸಹಕಾರಿ ಬೇಂಕಿನಲ್ಲಿಯೂ ಹೀಗೇ ಆಗಿತ್ತು. ಸಹಕಾರಿ ಬೇಂಕುಗಳ ಮೇಲೆ ರಿಸರ್ವ್ ಬೇಂಕಿಗೆ ಹೆಚ್ಚಿನ ಅಧಿಕಾರ ಕೊಟ್ಟ ತಿದ್ದುಪಡಿಗೆ ಇದೇ ಹಿನ್ನೆಲೆ. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ನಿರ್ಬಂಧಕ್ಕೆ ಒಳಗಾದ ಬೇಂಕಿನ ಠೇವಣಿದಾರರಿಗೆ ಈ ಹಣ 90 ದಿನಗಳೊಳಗೆ ಸಿಗಬೇಕೆಂದು 2021ರಲ್ಲಿ ಇನ್ನೊಂದು ತಿದ್ದುಪಡಿ ಬಂತು.

ಆದರೆ ನಮ್ಮ ಹಳ್ಳಿಗಳಲ್ಲಿ ಫಲಕ ಹೊತ್ತಿರುವ 'ಸರ್ವೀಸ್ ಸಹಕಾರಿ ಬೇಂಕು'ಗಳ ಮಾತು ಬೇರೆ. ಇವುಗಳಲ್ಲಿ ಹೆಚ್ಚಿನವು ಕಾನೂನಿನ ದೃಷ್ಟಿಯಲ್ಲಿ ಪ್ರಾಥಮಿಕ ಕೃಷಿ ಸಾಲ ಸಂಘಗಳು. ಬೇಂಕಿಂಗ್ ನಿಯಂತ್ರಣ ಕಾಯಿದೆ ಇವುಗಳಿಗೆ ಅನ್ವಯಿಸುವುದಿಲ್ಲ, 'ಬೇಂಕು' ಎಂಬ ಪದವನ್ನು ಹೆಸರಿನಲ್ಲಿ ಬಳಸಬಾರದೆಂದೂ ತಿದ್ದುಪಡಿ ಹೇಳುತ್ತದೆ. ಇಂತಹ ಸಂಘಗಳ ಠೇವಣಿಗೆ ಆ ಐದು ಲಕ್ಷದ ವಿಮೆ ಇಲ್ಲವೆಂದು ರಿಸರ್ವ್ ಬೇಂಕು 2021ರ ನವೆಂಬರಿನಲ್ಲಿ ಪ್ರಕಟಣೆ ಕೊಟ್ಟಿತು. ಕೇರಳದಲ್ಲಿ ಇವುಗಳಿಗೆಂದೇ ಬೇರೆ ಠೇವಣಿ ಖಾತರಿ ನಿಧಿಯಿದೆ. ಸಹಕಾರ ಸಂಘಗಳು ರಾಜ್ಯದ ವಿಷಯವೆಂದು ಸರಕಾರ ವಾದಿಸಿದೆ. ಗಾಬರಿಪಡಬೇಕೆಂದು ನಾವು ಹೇಳುತ್ತಿಲ್ಲ. ಅಡಿಕೆ ಮಾರಿದ ದುಡ್ಡನ್ನು ಇಡುವವನಿಗೆ ಯಾವ ಖಾತರಿ ಯಾರದೆಂದು ಗೊತ್ತಿರಬೇಕಷ್ಟೆ. ಇದನ್ನೇ ಲೋಕಸಭೆಯ ರೂಢಿಯಂತೆ ಬರೆದರೆ ಹೀಗಾಗುತ್ತದೆ (ಮಾದರಿ ನಮ್ಮದು):

ಹಣಕಾಸು ಸಚಿವರು ದಯವಿಟ್ಟು ತಿಳಿಸುವರೇ:
(ಅ) ಠೇವಣಿ ವಿಮೆಗೆ ಒಳಪಡದ ಸಹಕಾರಿ ಸಂಘಗಳು ತಮ್ಮ ಹೆಸರಿನಲ್ಲಿ 'ಬೇಂಕು' ಎಂಬ ಪದ ಬಳಸುತ್ತಿರುವುದು ಸರಕಾರದ ಗಮನಕ್ಕೆ ಬಂದಿದೆಯೇ;
(ಆ) ಬಂದಿದ್ದರೆ, ಅಂತಹ ಸಂಘಗಳ ರಾಜ್ಯವಾರು ಸಂಖ್ಯೆ ಎಷ್ಟು;
(ಇ) ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಠೇವಣಿದಾರರಿಗೆ ಅವರ ಭಾಷೆಯಲ್ಲಿ ಇದನ್ನು ತಿಳಿಸಲು ಕೈಗೊಂಡ ಕ್ರಮಗಳೇನು, ಮತ್ತು
(ಈ) ಕೈಗೊಂಡಿಲ್ಲವಾದರೆ, ಕಾರಣವೇನು?

'ಇದೆಯೇ' ಎಂಬಲ್ಲಿಗೆ ನಿಲ್ಲಿಸಿದರೆ 'ಇಲ್ಲ' ಎಂದು ಮುಗಿಸಬಹುದು. 'ಇಲ್ಲವಾದರೆ ಕಾರಣವೇನು' ಎಂಬ ನಾಲ್ಕನೆಯ ಅಂಶ ಆ ಕಂಡಿಯನ್ನು ಮುಚ್ಚುತ್ತದೆ.

ಇನ್ನು ಉತ್ತರಗಳನ್ನು ಓದುವ ಬಗೆ. ಲಾಕ್‌ಡೌನಿನಲ್ಲಿ ಊರಿಗೆ ನಡೆದುಹೋಗುತ್ತ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬುದಕ್ಕೆ 2020ರ ಸೆಪ್ಟೆಂಬರ್ 14ರಂದು ಬಂದ ಲಿಖಿತ ಉತ್ತರ, ಅಂತಹ ಅಂಕಿ-ಅಂಶ ಲಭ್ಯವಿಲ್ಲ ಎಂಬುದು. 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆಯೆಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದು ಹೇಗೆ ತೋರಿತೋ! 'ಸಾವು ಆಗಿಲ್ಲ' ಎಂದು ಸಚಿವರು ಹೇಳಲಿಲ್ಲ, 'ವರದಿ ಬಂದಿಲ್ಲ' ಎಂದರು. ಎರಡು ಕ್ರಿಯಾಪದಗಳ ಕರ್ತೃಗಳೇ ಬೇರೆ. ಸದಸ್ಯರೊಬ್ಬರು ಎದ್ದು "ವರದಿ ಕೇಳಿದಿರೇ? ಯಾವ ನಮೂನೆಯಲ್ಲಿ ಕೇಳಿದಿರಿ?" ಎನ್ನುವುದಕ್ಕಾಗಿಯೇ ಉಪಪ್ರಶ್ನೆ ಇರುವುದು. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬ ಉತ್ತರವೂ ಸಾಮಾನ್ಯ. ಅದು ಭರವಸೆಯೆಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ನೆರವೇರಿತೋ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿಯೇ ಇದೆ.

ಪ್ರಶ್ನೆಗೆ ಭಾಷೆಯ ತೊಡಕಿಲ್ಲವೇ ಎಂದು ನೀವು ಕೇಳಬಹುದು. ಹಿಂದಿ, ಇಂಗ್ಲಿಷ್ ಬಾರದ ಸದಸ್ಯನು ಸಭಾಧ್ಯಕ್ಷರ ಅನುಮತಿ ಪಡೆದು ಮಾತೃಭಾಷೆಯಲ್ಲಿ ಮಾತಾಡಬಹುದೆಂದು ಸಂವಿಧಾನದ 120ನೆಯ ವಿಧಿ ಹೇಳುತ್ತದೆ. ರಾಜ್ಯದ ಸಭೆಗಳಿಗೆ 210ನೆಯ ವಿಧಿಯಲ್ಲಿ ಇಂತಹುದೇ ಅವಕಾಶವಿದೆ. 2021ರ ಮೇ ತಿಂಗಳಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು.

ಅಭ್ಯಾಸಕ್ಕಾಗಿ: ಬೇಂಕಿನ ಅರ್ಜಿ ನಮೂನೆಯಲ್ಲಿ ಕನ್ನಡವಿಲ್ಲದಿರುವುದು, ಉಕ್ಕಿನಡ್ಕದ ಆಸ್ಪತ್ರೆಗೆ ಬೇಕಾದ ತಜ್ಞ ವೈದ್ಯರು, ಊರಿನ ಕುಡಿಯುವ ನೀರಿನ ಪೈಪು. ಇವುಗಳಲ್ಲಿ ಯಾವುದು ದೆಹಲಿಗೆ, ಯಾವುದು ತಿರುವನಂತಪುರಕ್ಕೆ, ಯಾವುದು ಪಂಚಾಯತಿಗೆ ಎಂದು ಮೊದಲು ಗುರುತಿಸಿರಿ. ಬಳಿಕ ಒಂದನ್ನು ಆರಿಸಿ, ಮನೆಯವರೊಡನೆ ಚರ್ಚಿಸಿ, (ಅ)ದಿಂದ (ಈ)ವರೆಗಿನ ಅಂಶಗಳಾಗಿ ಬರೆದುಕೊಂಡು ಬನ್ನಿರಿ. 150 ಪದ ಮೀರಬಾರದು.