ಎಳ್ಳಮಾವಾಸ್ಯೆಯ ಅಂಬಲಿ

ಮಟಕಿ,
ತಾ. ಆಳಂದ

ಯವ್ವಾ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಬಾಡಿತ್ತು. ನಿದ್ದೆ ಇಲ್ಲ, ಹೊಟ್ಟೆ ಸರಿ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದಿ. ಕೊಂಬುಚಾ ಕುಡಿದರೆ ಮನಸ್ಸು ಹಗುರಾಗುತ್ತದೆ ಅಂತ ಗೆಳತಿ ಹೇಳಿದಳಂತೆ. "ಖರೇ ಏನು ಮುತ್ಯಾ?" ಅಂತ ಕೇಳಿದಿ. 30 ವರ್ಷ ವಿಜ್ಞಾನ ಕಲಿಸಿದವನು ನಾನು, ಒಂದು ಮಾತಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ.

ಅರ್ಧ ಖರೆ. ಹೊಟ್ಟೆಯನ್ನೂ ಮಿದುಳನ್ನೂ ಕೂಡಿಸುವ ವೇಗಸ್ ಎಂಬ ನರವಿದೆ. ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದೂ ಕರುಳಿನಲ್ಲೇ. ಆದರೆ ಅದು ನೇರವಾಗಿ ಮಿದುಳನ್ನು ಸೇರುವುದಿಲ್ಲ ಎಂಬುದನ್ನು ಕೊಂಬುಚಾ ಬಾಟಲಿ ಮಾರುವವರು ಹೇಳುವುದಿಲ್ಲ. 2022ರಲ್ಲಿ ಐರ್ಲೆಂಡಿನ ಕಾರ್ಕ್‌ನ ಸಂಶೋಧಕರು 45 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಒಂದು ಗುಂಪಿಗೆ 4 ವಾರ ಇಡೀ ಧಾನ್ಯ, ಬೇಳೆಕಾಳು, ತರಕಾರಿ, ಹುಳಿ ಬಂದ ಆಹಾರ ಹೆಚ್ಚಾಗಿ ತಿನ್ನಲು ಹೇಳಿದ್ದರು. ಆ ಗುಂಪಿನವರಿಗೆ ಒತ್ತಡ ಕಡಿಮೆ ಅನ್ನಿಸಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಎಳ್ಳಮಾವಾಸ್ಯೆಯ ಬುತ್ತಿ.

ನಿಮ್ಮ ಆಯಿ ಇದ್ದಾಗ ಅಂಬಲಿಗಾಗಿ ಹಿಂದಿನ ರಾತ್ರಿಯೇ ಗಡಗಿಯಲ್ಲಿ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹುಳಿಗೆ ಇಡುತ್ತಿದ್ದಳು. ನಸುಕಿನಲ್ಲಿ ಎದ್ದು ಕುದಿಸಿ, ಆರಿದ ಮೇಲೆ ಮತ್ತೆ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಜೀರಿಗೆ ಹಾಕುತ್ತಿದ್ದಳು. ಕುದಿಸಿದಾಗ ಹುಳಿ ತಂದ ಜೀವಾಣುಗಳು ಸಾಯುತ್ತವೆ, ಕಡೆಗೆ ಬೆರೆಸಿದ ಮಜ್ಜಿಗೆಯವು ಜೀವಂತವಾಗಿ ಹೊಟ್ಟೆಗೆ ಹೋಗುತ್ತವೆ. ಆಯಿಗೆ ಈ ಪಾಠ ಯಾರೂ ಹೇಳಿರಲಿಲ್ಲ, ಕೈಗೆ ಗೊತ್ತಿತ್ತು. ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಬಿಳಿಜೋಳದ ಬೆಳೆಯ ನಡುವೆ ಎಲ್ಲರೂ ಸುತ್ತ ಕೂತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣುತ್ತಿದ್ದೆವು. ನೀನು ಅಂಬಲಿ ಇನ್ನೊಂದು ಬಟ್ಟಲು ಬೇಕೆಂದು ಹಟ ಮಾಡುತ್ತಿದ್ದಿ. ಆ ಹೊತ್ತಿನ ಖುಷಿಯಲ್ಲಿ ಅಂಬಲಿಯ ಪಾಲೆಷ್ಟು, ಜೊತೆಗೆ ಕೂತವರ ಪಾಲೆಷ್ಟು ಎಂದು ಯಾವ ಪ್ರಯೋಗಶಾಲೆಯೂ ಬೇರ್ಪಡಿಸಲಾರದು. ನೀನೀಗ ರೂಮಿನಲ್ಲಿ ಒಬ್ಬಳೇ ಉಣ್ಣುತ್ತಿ ಎಂಬುದೇ ನನಗೆ ಹೆಚ್ಚು ಚಿಂತೆ.

ಹುಳಿ ಬಂದದ್ದೆಲ್ಲ ಒಳ್ಳೆಯದಲ್ಲ. ನಮ್ಮ ಕಡೆಯ ಸಿಂದಿ ಹೆಂಡವೂ ಹುಳಿ ಬಂದದ್ದೇ. ತಾಸು ಹೊತ್ತು ಮನಸ್ಸನ್ನು ಎತ್ತಿ, ಮರುದಿನ ಇನ್ನೂ ಕೆಳಗೆ ಕೆಡವುತ್ತದೆ. ಕೊಂಬುಚಾ ಎಂದರೆ ಸಕ್ಕರೆ ಹಾಕಿ ಹುಳಿಗಿಟ್ಟ ಚಹಾ. ರುಚಿಯಾದರೆ ಕುಡಿ, ಔಷಧಿ ಅಂತ ನಂಬಬೇಡ. ಮನೆಯಲ್ಲೇ ಮೊಸರು ಹೆಪ್ಪು ಹಾಕಿ ಕಡೆದ ಮಜ್ಜಿಗೆ ನಿನಗೆ ಸಾಕು.

ಎರಡು ವಾರವಾದರೂ ಈ ಬೇಸರ ಬಿಡದಿದ್ದರೆ ಅದು ಅಂಬಲಿಯಿಂದ ವಾಸಿಯಾಗುವ ಬೇನೆಯಲ್ಲ. ಸಂಕೋಚ ಬಿಟ್ಟು ಡಾಕ್ಟರನ್ನು ಕಾಣು. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನಗೂ ಮಾಡು, ನಡುರಾತ್ರಿಯಾದರೂ ಸರಿ.

ಈ ಸಲ ಎಳ್ಳಮಾವಾಸ್ಯೆಗೆ ಎರಡು ದಿನ ಮುಂಚೆಯೇ ಬಾ. ಆಯಿಯ ಗಡಗಿ ತೊಳೆದು ಇಟ್ಟಿದ್ದೇನೆ, ಹಿಟ್ಟು ನಾನೇ ಕಲಸುತ್ತೇನೆ.

ನಿನ್ನ ಮುತ್ಯಾ