ಡಿಸ್ಚಾರ್ಜ್ ಆದಮೇಲೆ ಯಾರ ಡ್ಯೂಟಿ?

ನಮ್ಮ ದಢೇಸುಗೂರು ಸಿಂಧನೂರು ತಾಲೂಕಿನ ತುಂಗಭದ್ರೆ ದಂಡೆಯ ಊರು. ದೊಡ್ಡ ಕಾಯಿಲೆ ಅಂದ್ರೆ ಒಂದೋ ರಾಯಚೂರು, ಇಲ್ಲಾ ಸೇತುವೆ ದಾಟಿ ಸಿರುಗುಪ್ಪ ಮೇಲೆ ಬಳ್ಳಾರಿ. ವಾಸಿಯಾಗಿ ಮನೆಗೆ ಬಂದವರು 30 ದಿನದೊಳಗೆ ಮತ್ತೆ ಅಡ್ಮಿಟ್ ಆದರೆ ಅದನ್ನು ರೀಅಡ್ಮಿಷನ್ ಅಂತ ಲೆಕ್ಕ ಹಿಡೀತಾರೆ.

ಹಾರ್ಟ್ ಫೇಲ್ಯೂರ್ ತಗೊಳ್ಳೋಣ. ಹೃದಯ ನಿಂತುಹೋಯ್ತು ಅಂತಲ್ಲ, ಪಂಪ್ ವೀಕ್ ಆಗಿದೆ ಅಷ್ಟೇ. ದೇಹದಲ್ಲಿ ನೀರು ನಿಂತು ಕಾಲಿಗೆ ಬಾವು ಬರುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ. ಆಸ್ಪತ್ರೆಯಲ್ಲಿ ನೀರು ಇಳಿಸೋ ಔಷಧಿ ಕೊಟ್ಟು ಕಳಿಸ್ತಾರೆ. ಹೀಗೆ ಒಬ್ಬ ಅಜ್ಜ ಊರಿಗೆ ಬಂದ್ರು ಅಂದ್ಕೊಳ್ಳಿ. ಡಾಕ್ಟರ್ "ಉಪ್ಪು ಕಮ್ಮಿ ಮಾಡಿ" ಅಂದಿದ್ರು. ಮನೆಯವರು ಪಲ್ಯದಲ್ಲಿ ಕಮ್ಮಿ ಮಾಡಿದ್ರು, ರೊಟ್ಟಿ ಜೊತೆಗಿನ ಉಪ್ಪಿನಕಾಯಿ ಹಾಗೇ ಇತ್ತು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದ್ರು. ಆ ಜಾತಿಯ ಮಾತ್ರೆ ದೇಹದಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತೆ. ಹತ್ತೇ ದಿನಕ್ಕೆ ಮತ್ತೆ ಆಂಬುಲೆನ್ಸ್.

ಇಲ್ಲಿ ಡಾಕ್ಟರ್ ಟ್ರೀಟ್‌ಮೆಂಟ್ ಸರಿಯಾಗೇ ಇತ್ತು. ಪ್ರಾಜೆಕ್ಟ್‌ನಲ್ಲಿ ಒಂದೊಂದು ಮಾಡ್ಯೂಲ್ ಟೆಸ್ಟ್ ಪಾಸಾಗಿ, ಜೋಡಿಸಿದಾಗ ಫೇಲ್ ಆಗುತ್ತಲ್ಲ, ಹಾಗೆ. ತಟ್ಟೆಯಲ್ಲಿ ಏನಿರುತ್ತೆ ಅಂತ ಡಯಟಿಷಿಯನ್ ಕೇಳಬೇಕಿತ್ತು. ಮನೆಯಲ್ಲಿರೋ ಹಳೇ ಮಾತ್ರೆಗಳನ್ನೂ ಹೊಸ ಚೀಟಿಯನ್ನೂ ಫಾರ್ಮಸಿಸ್ಟ್ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ಒಂದೇ ಔಷಧಿ ಎರಡು ಬ್ರ್ಯಾಂಡ್ ಹೆಸರಲ್ಲಿ ಇರೋದುಂಟು. ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ 2 ಕೆಜಿ ಏರಿದರೆ ಫೋನ್ ಮಾಡಿ ಅಂತ ನರ್ಸ್ ಹೇಳಿಕೊಡಬೇಕಿತ್ತು. ಅಷ್ಟು ಬೇಗ ಏರೋದು ಕೊಬ್ಬಲ್ಲ, ನೀರು. ಉಸಿರು ಕಟ್ಟೋಕೆ ಮುಂಚೆಯೇ ತಕ್ಕಡಿ ಹೇಳಿಬಿಡುತ್ತೆ! ನನ್ನ ಪ್ರಕಾರ ಇದಕ್ಕಿಂತ ಅಗ್ಗದ ಸೆನ್ಸರ್ ಇಲ್ಲ.

ಅಮೆರಿಕದ ಬೋಸ್ಟನ್‌ನಲ್ಲಿ 749 ರೋಗಿಗಳ ಮೇಲೆ ಇಂಥದ್ದೇ ಪ್ರಯೋಗ ನಡೆದು 2009ರಲ್ಲಿ ಪ್ರಕಟವಾಯಿತು. ನರ್ಸ್ ಡಿಸ್ಚಾರ್ಜ್ ವಿವರಗಳ ಸರಳ ಪುಸ್ತಿಕೆ ಮಾಡಿಕೊಟ್ರು, ಕೆಲವೇ ದಿನದಲ್ಲಿ ಫಾರ್ಮಸಿಸ್ಟ್ ಫೋನ್ ಮಾಡಿ ಮಾತ್ರೆಗಳ ಬಗ್ಗೆ ವಿಚಾರಿಸಿದ್ರು. ಒಂದು ತಿಂಗಳಲ್ಲಿ ಎಮರ್ಜೆನ್ಸಿ ಭೇಟಿ, ರೀಅಡ್ಮಿಷನ್ ಎರಡೂ ಸೇರಿ ಸುಮಾರು 30% ಕಮ್ಮಿ. ನಮ್ಮಲ್ಲಿ ನೂರಾ ಹೆಲ್ತ್ ಸಂಸ್ಥೆಯ ಕಾರ್ಯಕ್ರಮದಲ್ಲಿ ನರ್ಸ್‌ಗಳು ವಾರ್ಡಲ್ಲೇ ಮನೆಯವರಿಗೆ ಪಾಠ ಮಾಡ್ತಾರೆ. ನಾರಾಯಣ ಹೆಲ್ತ್ ಆಸ್ಪತ್ರೆಗಳಲ್ಲಿ ಶುರುವಾಗಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂದ ಇದರ ಮೂಲ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಕ್ಲಾಸ್ ಪ್ರಾಜೆಕ್ಟ್!

ಹಳ್ಳಿಯಲ್ಲಿ ಇದು ಆಗೋದಲ್ಲ ಅನ್ನೋರು ಆಶಾ ಅಕ್ಕನವರನ್ನ ನೋಡಿ. ಮಗು ಆಸ್ಪತ್ರೆಯಲ್ಲಿ ಹುಟ್ಟಿದರೆ 3, 7, 14, 21, 28, 42ನೇ ದಿನ ಮನೆಗೆ ಬಂದು ತೂಕ, ಜ್ವರ ನೋಡ್ತಾರೆ. ಅಜ್ಜನಿಗೆ ಇಂಥ ಕ್ಯಾಲೆಂಡರ್ ಇಲ್ಲ. ಇದನ್ನೂ ಅವರ ತಲೆಗೇ ಕಟ್ಟೋದು ಬೇಡ, ಗೌರವಧನಕ್ಕೇ ಅವರು ಬೀದಿಗಿಳಿಯೋ ಪರಿಸ್ಥಿತಿ ಇದೆ. ಆದರೆ ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿ, ಕನ್ನಡದಲ್ಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಮುಟ್ಟೋ ಹಾಗೆ ಮಾಡೋದು ನಮ್ಮಂಥವರ ಒಂದು ಮಿನಿ ಪ್ರಾಜೆಕ್ಟ್ ಅಷ್ಟೇ.