ಕಲ್ಪಿತ ಲೋಕದ ಆಟದಲ್ಲಿ ಯಾಜಕನೂ ಮಂತ್ರವಾದಿಯೂ

ಈಗಿನ ಮಕ್ಕಳು ಮೇಜಿನ ಸುತ್ತಲೂ ಕುಳಿತು, ಕಾಗದ, ಪೆನ್ಸಿಲು, ಹಲವು ಮುಖಗಳುಳ್ಳ ದಾಳಗಳು ಇವುಗಳಿಂದ ಆಡುವ ಒಂದು ಬಗೆಯ ಆಟವುಂಟು. ಅದರಲ್ಲಿ ಒಬ್ಬೊಬ್ಬರು ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿ, ಯೋಧರಾಗಿಯೋ ಮಂತ್ರವಾದಿಗಳಾಗಿಯೋ ಯಾಜಕರಾಗಿಯೋ ನಡೆದುಕೊಳ್ಳುವರು. ನಿರ್ವಾಹಕನೊಬ್ಬನು ಕಥೆಯನ್ನು ಮುಂದಕ್ಕೆ ನಡಿಸುವನು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಮಗಳು ಬಂದು, “ಅಮ್ಮಾ, ಇವತ್ತು ನಾನು ಸತ್ತವನನ್ನು ಎಬ್ಬಿಸಿದೆ” ಎಂದರೆ ತಾಯಿಯು ಬೆಚ್ಚುವದು ಸಹಜವೇ. ಆದಕಾರಣ ಆ ಆಟದ ಯಾಜಕನು ಎಂಥವನೆಂಬದನ್ನು ಸ್ವಲ್ಪ ವಿಚಾರಿಸೋಣ.

ಈ ಬಗೆಯ ಆಟಗಳಿಗೆ ಮೂಲವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೇರಿಕದವರು ೧೯೭೪ರಲ್ಲಿ ಪ್ರಕಟಿಸಿದರು. ಅದರ ಯಾಜಕನು ದೇವಾಲಯದಿಂದ ಬಂದವನಲ್ಲ, ಚಲಚ್ಚಿತ್ರದಿಂದ ಬಂದವನು! ಆರ್ನೆಸನನ ಗೆಳೆಯರ ಆಟದಲ್ಲಿ ರಕ್ತ ಹೀರುವ ಪಿಶಾಚಿಯ ಪಾತ್ರವೊಂದು ಮಿತಿಮೀರಿ ಬಲಿಯಲು, ಅದನ್ನು ತಡೆಯುವದಕ್ಕೋಸ್ಕರ ಭಯಾನಕ ಚಿತ್ರಗಳಲ್ಲಿನ ಪಿಶಾಚಿಬೇಟೆಗಾರನ ಮಾದರಿಯಲ್ಲಿ ಇವನನ್ನು ನಿರ್ಮಿಸಿದರು. ಮೊದಲನೆಯ ಪುಸ್ತಕದ ಸಾಮಾನುಗಳ ಪಟ್ಟಿಯಲ್ಲಿ ಮರದ ಶಿಲುಬೆಗೂ ಬೆಳ್ಳಿಯ ಶಿಲುಬೆಗೂ ಪವಿತ್ರ ಜಲಕ್ಕೂ ಬೆಲೆಯನ್ನು ಕಾಣಿಸಿರುವದು ಇದರಿಂದಲೇ. ಯಾಜಕನ ಪದವಿಗಳಾದರೋ ಹಳ್ಳಿಯ ಯಾಜಕ, ಸಭಾಪಾಲಕ, ಬಿಷಪ್ ಎಂದು ಏರುತ್ತಾ ಬಂದು, ಬಿಷಪ್ಪನ ಮೇಲೆ ಲಾಮಾ, ಲಾಮಾನ ಮೇಲೆ ಪೇಟ್ರಿಯಾರ್ಕ್ ಎಂದು ಮುಗಿಯುತ್ತವೆ. ನಮ್ಮ ಬಿಷಪ್ಪರು ಬಡ್ತಿ ಹೊಂದಿ ಲಾಮಾ ಆಗುವದನ್ನು ನೆನಸಿದರೆ ನಗು ತಡೆಯಲಾಗದು.

ಅವನು ಮಾಡುವ ಅದ್ಭುತಗಳು ಮಾತ್ರ ನಮಗೆ ಪರಿಚಿತವಾದವುಗಳೇ. ಕೋಲುಗಳನ್ನು ಸರ್ಪಗಳನ್ನಾಗಿ ಮಾಡುವದು, ಹುಳಗಳ ಬಾಧೆಯನ್ನು ಬರಮಾಡುವದು, ಆಹಾರವನ್ನು ಉಂಟುಮಾಡುವದು, ಸತ್ತವನನ್ನು ಎಬ್ಬಿಸುವದು ಇವೆಲ್ಲಾ ೧೯೭೪ರ ಪಟ್ಟಿಯಲ್ಲಿವೆ. ಆರೋನನ ಕೋಲನ್ನೂ ಐಗುಪ್ತದ ಮಿಡಿತೆಗಳನ್ನೂ ಲಾಜರನ ಸಮಾಧಿಯನ್ನೂ ಬಲ್ಲವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಮಂತ್ರವಾದಿಗೂ ಯಾಜಕನಿಗೂ ಇರುವ ಭೇದವೇ ಇಲ್ಲಿ ಮುಖ್ಯವಾದದ್ದು. ಹಳೆಯ ನಿಯಮದಲ್ಲಿ ಮಂತ್ರವಾದಿಯು ಗ್ರಂಥವನ್ನು ಓದಿ ಮಂತ್ರವನ್ನು ಬಾಯಿಪಾಠ ಮಾಡುತ್ತಿದ್ದನು; ಪ್ರಯೋಗಿಸಿದ ಕೂಡಲೇ ಅದು ಅವನ ನೆನಪಿನಿಂದ ಅಳಿಸಿಹೋಗುತ್ತಿತ್ತು. ಈ ಕಲ್ಪನೆಯು ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರನು ೧೯೫೦ರಲ್ಲಿ ಪ್ರಕಟಿಸಿದ ಕಥೆಗಳಿಂದ ತೆಗೆದುಕೊಂಡದ್ದು. ಯಾಜಕನಾದರೋ ಪ್ರಾರ್ಥಿಸಿ ಪಡೆಯುವನು. ೧೯೭೯ರಲ್ಲಿ ನಿರ್ವಾಹಕರಿಗೋಸ್ಕರ ಹೊರಟ ಪುಸ್ತಕವು ಇದನ್ನು ಇನ್ನೂ ವಿವರಿಸಿತು: ಕೆಳಗಿನ ವರಗಳು ಅವನ ಸ್ವಂತ ನಂಬಿಕೆಯಿಂದಲೂ, ನಡುವಣವುಗಳು ಅವನ ದೇವತೆಯ ಸೇವಕರಿಂದಲೂ, ಅತಿ ಮೇಲಿನವುಗಳು ಆ ದೇವತೆಯಿಂದಲೇ ಬರುವವು, ಅವನು ದಾರಿತಪ್ಪಿದರೆ ವರಗಳು ನಿಂತುಹೋಗುವವು. ಇದು ಕೇಳುವದಕ್ಕೆ ಭಕ್ತಿಯ ಮಾತೇ. ಆದರೆ ಅವನು ಪದವಿಯಲ್ಲಿ ಏರುವದು ಯಾತರಿಂದ? ಆ ಕಾಲದ ನಿಯಮದಂತೆ, ಗಳಿಸಿ ತಂದ ಚಿನ್ನದ ನಾಣ್ಯ ಒಂದಕ್ಕೆ ಅನುಭವದ ಅಂಕ ಒಂದು! ಅಪೊಸ್ತಲರ ಕೃತ್ಯಗಳ ೮ನೆಯ ಅಧ್ಯಾಯದಲ್ಲಿ ಸಮಾರ್ಯದ ಸೀಮೋನನು ದೇವರ ವರವನ್ನು ಹಣಕ್ಕೆ ಕೊಳ್ಳಬಂದು ಪೇತ್ರನಿಂದ ಗದರಿಸಲ್ಪಟ್ಟನಷ್ಟೇ. ಈ ಆಟದಲ್ಲಿ ಸೀಮೋನನಿಗೆ ಬಿಷಪ್ಪನ ಪದವಿಯೇ ಸಿಕ್ಕುತ್ತಿತ್ತು. ಇದೂ ಅಲ್ಲದೆ, ಇವನಿಗೆ ಕಾಯುವದಕ್ಕೆ ಸಭೆಯಿಲ್ಲ, ನೋಡಿಕೊಳ್ಳುವದಕ್ಕೆ ರೋಗಿಗಳಿಲ್ಲ. ಜೊತೆಗಾರರ ಗಾಯ ಮಾಯಿಸುವದೇ ಅವನ ಪಾಲನೆ.

ಇದಕ್ಕಿಂತ ಗಂಭೀರವಾದ ಕಲ್ಪನೆಯು ಗ್ರೆಗ್ ಸ್ಟ್ಯಾಫರ್ಡನದು. ಅವನು ವಿಸ್ಕಾನ್ಸಿನ್ ಸಂಸ್ಥಾನದ ಬೆಲಾಯ್ಟ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ೧೯೬೬ರಲ್ಲಿ, ಗ್ಲೋರಾಂಥ ಎಂಬ ಲೋಕದ ಕಥೆಗಳನ್ನು ಬರೆಯತೊಡಗಿದನು. ಆ ಲೋಕದ ‘ರೂನ್‌ಕ್ವೆಸ್ಟ್’ ಎಂಬ ಆಟವು ೧೯೭೮ರಲ್ಲಿ ಹೊರಟಿತು. ಅಲ್ಲಿ ಯಾಜಕರು ಮಾತ್ರವೇ ಭಕ್ತರಲ್ಲ. ಯೋಧನೂ ದನಕಾಯುವವನೂ ಯಾವದಾದರೊಂದು ದೇವತೆಯ ಮತಕ್ಕೆ ಸೇರಿದವರು. ದೀಕ್ಷೆ ಹೊಂದಿದವನು ಆದಾಯದಲ್ಲಿ ದಶಮಾಂಶವನ್ನು ಸಲ್ಲಿಸಬೇಕು. ದೈವಿಕ ವರ ಬೇಕಾದರೆ ತನ್ನ ಪ್ರಾಣಶಕ್ತಿಯ ಒಂದಂಶವನ್ನೇ ಅರ್ಪಿಸಬೇಕು. ಆಪತ್ತಿನಲ್ಲಿ ದೇವತೆಯನ್ನು ನೇರವಾಗಿ ಕೂಗಿದರೆ ಆ ಶಕ್ತಿಯೆಲ್ಲಾ ತೀರಿ ಪ್ರಾಣವೇ ಹೋಗಬಹುದು. ಅಲ್ಲಿಯ ದೇವತೆಗಳು ಅನೇಕರು, ನಮ್ಮ ನಂಬಿಕೆಗೆ ದೂರವಾದವರು. ಆದರೂ ಕೊಡದೆ ಪಡೆಯಲಾಗದೆಂಬದನ್ನು ಈ ಆಟವು ಮರೆಯಲಿಲ್ಲ.

ಅಮೇರಿಕದಲ್ಲಿ ಮಗನನ್ನು ಕಳಕೊಂಡ ತಾಯಿಯೊಬ್ಬಳು, ಆಟವೇ ಅವನ ಸಾವಿಗೆ ಕಾರಣವೆಂದು ನಂಬಿ ೧೯೮೩ರಲ್ಲಿ ಒಂದು ವಿರೋಧಿಸಂಘವನ್ನು ಕಟ್ಟಿದಳು. ಅವಳ ದುಃಖವನ್ನು ಯಾರೂ ಹಗುರವಾಗಿ ಎಣಿಸಬಾರದು. ಆದರೆ ಆ ದೂರು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ೧೯೮೯ರ ಮುದ್ರಣದಲ್ಲಿ ಪ್ರಕಾಶಕರು ದೆವ್ವ, ಪಿಶಾಚಿ ಎಂಬರ್ಥದ ಹೆಸರುಗಳನ್ನು ಬಿಟ್ಟು ಬೇರೆ ಹೆಸರುಗಳನ್ನಿಟ್ಟರು. ೨೦೦೦ದಲ್ಲಿ ಹಳೆಯ ಹೆಸರುಗಳೇ ತಿರಿಗಿ ಬಂದವು. ಹೆಸರುಗಳಿಗಿಂತ ತಾಯಂದಿರು ಗಮನಿಸತಕ್ಕದ್ದು ಪ್ರಾರ್ಥನೆಯ ವಿಷಯವೆಂದು ನನಗೆ ತೋರುತ್ತದೆ. ೨೦೧೪ರ ಮುದ್ರಣದಲ್ಲಿ, ೧೦ನೆಯ ಮಟ್ಟವನ್ನು ಮುಟ್ಟಿದ ಯಾಜಕನು ದೇವತೆಯ ನೇರ ಸಹಾಯವನ್ನು ಬೇಡಬಹುದಾಗಿತ್ತು. ನೂರರ ದಾಳ ಹಾಕಿದಾಗ ಅವನ ಮಟ್ಟದ ಸಂಖ್ಯೆಯೋ ಅದಕ್ಕಿಂತ ಕಡಿಮೆಯೋ ಬಿದ್ದರೆ ಮಾತ್ರ ಉತ್ತರ. ಹೀಗೆ ನೂರರಲ್ಲಿ ತೊಂಬತ್ತು ಪಾಲು ಮೌನವೇ. ಆದರೆ ೨೦ನೆಯ ಮಟ್ಟದವನಿಗೆ ದಾಳವೇ ಬೇಡ. ಅವನು ಕರೆದರೆ ದೇವತೆಯು ಓಗೊಡಲೇಬೇಕು. ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡೆಂದು ಮೂರಾವರ್ತಿ ಬೇಡಿ, ಅದು ಹೋಗದೆ, “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಉತ್ತರವನ್ನು ಹೊಂದಿದ ಪೌಲನನ್ನು ಈ ಲೆಕ್ಕದಲ್ಲಿ ಎಷ್ಟನೆಯ ಮಟ್ಟಕ್ಕೆ ಸೇರಿಸುವರೋ, ಆಡುವ ಮಕ್ಕಳನ್ನೇ ಕೇಳಿ ನೋಡಬಹುದು.